ತಂತಿಯ ಕಾವಲು

ವರಲಕ್ಷ್ಮಮ್ಮನಿಗೆ ಕಂಪ್ಯೂಟರಿನ ಕಾಟ ಗಂಟುಬಿದ್ದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ಉಳಿದ ಹೆಂಗಸರಿಗೆ ಮಂಡಿನೋವು ಗಂಟುಬೀಳುತ್ತದೆ, ಇಲ್ಲವೇ ಸೊಸೆ. ಈಕೆಗೆ ಎರಡು ಕಂಪ್ಯೂಟರು, ಅವೆರಡರ ನಡುವೆ ಒಂದು ತಂತಿ. ಸೊಸೆಯಾಗಿದ್ದರೆ ಬೈದು ಹಗುರಾಗಬಹುದಿತ್ತು.

೧೯೯೮ರ ಮಾತು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ನಲ್ಲಿಯಲ್ಲಿ ನೀರು ಹಿಡಿದು, ಮುದ್ದೆ ಮಾಡಿ ಅತ್ತೆಗೆ ಮುಚ್ಚಿಟ್ಟು, ಬಂಗಾರಪೇಟೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ಆಕೆಯ ಆ ದಿನದ ಶಕ್ತಿಯಲ್ಲಿ ಅರ್ಧ ಖರ್ಚಾಗಿರುತ್ತಿತ್ತು. ಪ್ಲಾಟ್‌ಫಾರ್ಮಿನ ಜನವೆಲ್ಲ ಬೆಂಗಳೂರಿನ ಗಾಡಿಗೆ ನುಗ್ಗುತ್ತಿದ್ದರೆ ಈಕೆ ಎದುರು ದಿಕ್ಕಿನ ಮಾರಿಕುಪ್ಪಂ ಗಾಡಿ ಹತ್ತುತ್ತಿದ್ದಳು. ಅದರಲ್ಲಿ ಕೂರಲು ಜಾಗ ಸಿಗುತ್ತಿತ್ತು. ಬದುಕು ತನಗೆ ಕೊಟ್ಟ ಸವಲತ್ತು ಇದೊಂದೇ ಎಂದು ಆಕೆ ಹೇಳುವುದಿತ್ತು. ಕೊನೆಯ ನಿಲ್ದಾಣದಲ್ಲಿ ಇಳಿದು, ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಪಕ್ಕದಲ್ಲಿ ಮೂಗಿಗೆ ಸೆರಗು ಒತ್ತಿಕೊಂಡು ನಡೆದರೆ ಮೈಸೂರು ಮೈನ್ಸ್ ಕಡೆಯ ಒಂದು ಹಳೆಯ ಹೆಂಚಿನ ಮನೆ. ಅದೇ ಕಚೇರಿ. ಗಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವರಿಗಾಗಿ ಕೆಲವರು ಸೇರಿ ಕಟ್ಟಿಕೊಂಡಿದ್ದ ಸಣ್ಣ ನೆರವು ಸಂಘ.

ಆಕೆ ಹುಟ್ಟಿದ್ದು ಬೇತಮಂಗಲದ ಕೆರೆಯ ಕೆಳಗಿನ ಹಳ್ಳಿಯಲ್ಲಿ. ಗಂಡ ವೆಂಕಟರಾಮಪ್ಪ ಗಣಿಯೊಳಗೆ ಬಂಡೆ ಕೊರೆಯುವ ಕೆಲಸದಲ್ಲಿದ್ದ. ನಲವತ್ತೊಂದಕ್ಕೇ ಕೆಮ್ಮಿ ಕೆಮ್ಮಿ ಹೋದ. ಆಸ್ಪತ್ರೆಯ ಚೀಟಿಯಲ್ಲಿ ಯಾರೋ ಕ್ಷಯ ಎಂದು ಬರೆದರು. ಕ್ಷಯವಲ್ಲ, ಕಲ್ಲಿನ ಧೂಳು ಎಂದು ಆಕೆಗೆ ಗೊತ್ತಿತ್ತು. ಅವನನ್ನು ನೋಡಲು ಬಂದ ಕೆಲಸಗಾರರಿಗೆಲ್ಲ ಗೊತ್ತಿತ್ತು. ಆದರೆ ಪರಿಹಾರ ಕೇಳೋಣವೆಂದರೆ ತೋರಿಸಲು ಒಂದು ತುಂಡು ಕಾಗದ ಇರಲಿಲ್ಲ. ಕಾಗದ ಇಲ್ಲದವಳ ಮಾತನ್ನು ಯಾವ ಕಚೇರಿಯ ಯಾವ ಮೇಜೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಬಂಗಾರಪೇಟೆಯಲ್ಲಿ ಟೈಪಿಂಗ್ ಕಲಿತು ಈ ಸಂಘಕ್ಕೆ ಸೇರಿಕೊಂಡಳು.

ಸಂಘಕ್ಕೆ ಬರುತ್ತಿದ್ದ ವಯಸ್ಸಾದ ಡಾಕ್ಟರೊಬ್ಬರು ಗಣಿ ಕೆಲಸಗಾರರ ಎದೆಯ ಎಕ್ಸ್‌ರೇ ನೋಡಿ, ಯಾರು ಎಷ್ಟು ವರ್ಷ ಒಳಗೆ ದುಡಿದರು, ಶ್ವಾಸಕೋಶ ಎಷ್ಟು ಕೆಟ್ಟಿದೆ ಎಂದು ಒಂದೊಂದು ಕಾರ್ಡಿನಲ್ಲಿ ಬರೆದಿಟ್ಟಿದ್ದರು. ಮೂರು ಸಾವಿರದ ನಾನೂರ ಹನ್ನೆರಡು ಕಾರ್ಡು. ಅಷ್ಟನ್ನೂ ವರಲಕ್ಷ್ಮಮ್ಮ ಆರು ವರ್ಷ ಕೂತು ಮುಂದಿನ ಕೋಣೆಯ ಹಳೆಯ ಕಂಪ್ಯೂಟರಿಗೆ ಟೈಪ್ ಮಾಡಿದಳು. ಗಂಡನ ಹೆಸರು ಅದರಲ್ಲಿ ಇರಲಿಲ್ಲ. ಡಾಕ್ಟರು ಬರೆಯಲು ಶುರುಮಾಡುವ ಮೊದಲೇ ಅವನು ಹೋಗಿದ್ದ. ಒಂದು ಮಳೆಗಾಲ ಕಾರ್ಡುಗಳಿಗೆ ಗೆದ್ದಲು ಹಿಡಿಯಿತು. ಮರುವರ್ಷ ಡಾಕ್ಟರೂ ತೀರಿಕೊಂಡರು. ಅಲ್ಲಿಗೆ ಮೂರು ಸಾವಿರ ಚಿಲ್ಲರೆ ಜನರ ಎದೆಯೊಳಗಿನ ಸತ್ಯವೆಲ್ಲ ಉಳಿದದ್ದು ಆ ಒಂದು ಹಳೆಯ ಡಬ್ಬದಲ್ಲಿ ಮಾತ್ರ.

ಆ ಡಬ್ಬಕ್ಕೂ ಕೊನೆಗಾಲ ಬಂದಿತ್ತು. ಅದರ ಡಿಸ್ಕು ಒಳಗಿಂದ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು. ಬೆಳಿಗ್ಗೆ ಮೂರು ಸಲ ಸ್ವಿಚ್ ಹಾಕಿದರೆ ಒಂದು ಸಲ ಏಳುತ್ತಿತ್ತು. ಫ್ಲಾಪಿ ತೂರಿಸುವ ಬಾಯಿ ಎಂದೋ ಕೆಟ್ಟಿತ್ತು. ಬಂಗಾರಪೇಟೆಯವರೇ ಆದ, ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಮುನಿನಾರಾಯಣಪ್ಪ ಮೇಷ್ಟರು ಬಂದು ನೋಡಿ, ಇದು ಇನ್ನು ಹತ್ತು ದಿನವೂ ಇರಬಹುದು, ಹತ್ತು ನಿಮಿಷವೂ ಇರಬಹುದು, ಅಲುಗಾಡಿಸಲೇಬೇಡಿ ಎಂದರು. ಮುಂದಿನ ವಾರ ತಮ್ಮ ಕಾಲೇಜು ಬೇಡವೆಂದು ಬಿಟ್ಟಿದ್ದ ಒಂದು ಕಂಪ್ಯೂಟರನ್ನು ಹೊತ್ತು ತಂದು, ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಬ್ಯಾಟರಿಗೆ ಜಾಗವಿದ್ದ ಹಿಂದಿನ ಕೋಣೆಯಲ್ಲಿ ಕೂರಿಸಿದರು. ಲಿನಕ್ಸ್ ಯಾಕೆ ಎಂದರೆ ಅದು ಪುಕ್ಕಟೆ. ಎರಡು ಕೋಣೆಗಳ ನಡುವೆ ಮೂರು ಎಳೆಯ ತಂತಿ ಎಳೆದು, ನಡುವಿನ ಪಡಸಾಲೆಯಲ್ಲಿ ಒಂದು ಮರದ ಪೆಟ್ಟಿಗೆಯೊಳಗೆ ಜೋಡಿಸಿದರು. ಸಿಪ್ಪೆ ಸುಲಿದ ತಂತಿಯ ತುದಿಗಳನ್ನು ಮುಂದೆ ಬೇಕಾದೀತು ಎಂದು ಒಂದು ಬೆರಳುದ್ದ ಹೊರಗೆ ಬಿಟ್ಟಿದ್ದರು. ಹಳೆಯದರಿಂದ ಹೊಸದಕ್ಕೆ ಫೈಲು ಈ ತಂತಿಯಲ್ಲಿ ಹರಿದು ಹೋಗಬೇಕು. ಎಲ್ಲ ಒಂದೇ ದೊಡ್ಡ ಫೈಲು. ತುಂಡು ಮಾಡೋಣವೆಂದರೆ ಹಳೆಯ ಡಿಸ್ಕಿನಲ್ಲಿ ಜಾಗವಿಲ್ಲ. ಒಂದೇ ಉಸಿರಿಗೆ ನಾಲ್ಕು ಗಂಟೆ ಬೇಕು. ನಡುವೆ ಕಡಿದರೆ ಮತ್ತೆ ಮೊದಲಿಂದ.

ಕಡಿಯಿತು. ಮೊದಲ ದಿನ ಒಂದು ಗಂಟೆಗೆ, ಎರಡನೆಯ ದಿನ ನಲವತ್ತು ನಿಮಿಷಕ್ಕೆ. ಪರದೆಯ ಮೇಲೆ ಓಡುತ್ತಿದ್ದ ಅಂಕಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಲಿನಕ್ಸ್ ಮಷೀನಿನಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡುತ್ತಿತ್ತು: ಎದುರಿನಿಂದ ಉತ್ತರವಿಲ್ಲ, ಸಂಪರ್ಕ ಮುಗಿದಿದೆ. ಆ ಎರಡು ಸಾಲನ್ನು ವರಲಕ್ಷ್ಮಮ್ಮ ಆರು ವಾರದಲ್ಲಿ ನೂರು ಸಲವಾದರೂ ಓದಿರಬೇಕು. ಆಮೇಲಾಮೇಲೆ ಅದು ತನ್ನನ್ನೇ ಕುರಿತು ಬರೆದಂತೆ ಕಾಣತೊಡಗಿತು.

ಪಡಸಾಲೆಯ ಪೆಟ್ಟಿಗೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುವವನು ಕದಿರಪ್ಪ. ಅರವತ್ತು ದಾಟಿದವನು. ಇಪ್ಪತ್ತೆರಡು ವರ್ಷ ಗಣಿಯೊಳಗೆ ಬ್ಲಾಸ್ಟರ್ ಆಗಿ, ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ ಮಾಡಿ, ಎದೆ ಕೆಟ್ಟ ಮೇಲೆ ಈ ಸಂಘದಲ್ಲಿ ಬಾಗಿಲು ಕಾಯಲು ಸೇರಿಕೊಂಡವನು. ಅಕ್ಕಪಕ್ಕದ ಮನೆಯ ಮೇಕೆಗಳು ಪಡಸಾಲೆಗೆ ನುಗ್ಗಿ ತಂತಿಗೆ ಬಾಯಿ ಹಾಕಿದಾಗ, ಪೆಟ್ಟಿಗೆಗೆ ಬೀಗ ಹಾಕಿ ತಂತಿ ಕಾಯುವ ಕೆಲಸವನ್ನು ಮೇಷ್ಟರು ಅವನಿಗೆ ಒಪ್ಪಿಸಿದ್ದರು. ಕದಿರಪ್ಪ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಗಣಿಯಲ್ಲೂ ಹಾಗೆಯೇ, ಮದ್ದು ಸಿಡಿಸುವ ಪೆಟ್ಟಿಗೆಯ ಕೀಲಿ ಬ್ಲಾಸ್ಟರಿನ ಮೈಮೇಲೆಯೇ ಇರಬೇಕು, ಹೆತ್ತ ತಾಯಿ ಕೇಳಿದರೂ ಕೊಡಬಾರದು. ಎಷ್ಟೋ ವರ್ಷದ ಮೇಲೆ ಮತ್ತೊಂದು ತಂತಿ ತನ್ನ ಕೈಗೆ ಬಂತೆಂದು ಅವನು ಸ್ವಲ್ಪ ಬೀಗಿದ್ದೂ ಉಂಟು.

ವರಲಕ್ಷ್ಮಮ್ಮ ಕಾರಣ ಹುಡುಕಿದಳು. ಮೊದಲು ಕರೆಂಟಿನ ಮೇಲೆ ಅನುಮಾನ. ಕರೆಂಟು ಹೋದಾಗಲೂ ಬ್ಯಾಟರಿಯ ಮೇಲೆ ಫೈಲು ನೆಟ್ಟಗೆ ಓಡುತ್ತಿತ್ತು, ಕರೆಂಟು ಇರುವಾಗಲೇ ಕಡಿಯುತ್ತಿತ್ತು. ಆಮೇಲೆ ಬಿಸಿಲು, ಆಮೇಲೆ ಇಲಿ, ಆಮೇಲೆ ದಿಬ್ಬದಿಂದ ಹಾರಿ ಬರುವ ಧೂಳು. ಎರಡೂ ಮಷೀನಿನ ಬೆನ್ನು ಒರೆಸಿ ಒರೆಸಿ ಸೀರೆಯ ಸೆರಗು ಬೂದಿ ಬಣ್ಣಕ್ಕೆ ತಿರುಗಿತು. ಎಸ್‌ಟಿಡಿ ಬೂತಿನಿಂದ ಮೇಷ್ಟರಿಗೆ ಫೋನು ಮಾಡಿದಳು. ವೇಗ ಇಳಿಸಿ ನೋಡಿ ಎಂದರು. ಇಳಿಸಿದಳು. ನಾಲ್ಕು ಗಂಟೆಯ ಕೆಲಸ ಎಂಟು ಗಂಟೆಯಾಯಿತು, ಕಡಿಯುವುದು ಮಾತ್ರ ನಿಲ್ಲಲಿಲ್ಲ. ಮತ್ತೆ ಮೊದಲಿನ ವೇಗಕ್ಕೇ ತಂದಳು. ಪೆಟ್ಟಿಗೆಯೊಳಗೆ ಜೋಡಣೆ ಸಡಿಲವಾಗಿದೆಯೇ ನೋಡಿ ಎಂದರು. ಆಕೆ ಬಂದು ಕೇಳಿದಾಗಲೆಲ್ಲ ಕದಿರಪ್ಪ ಎದ್ದು, ಬೆನ್ನು ಬಗ್ಗಿಸಿ ಬೀಗ ತೆಗೆದು, ಒಳಗೆ ಒಂದು ಸಲ ಕೈಯಾಡಿಸಿ ಆಮೇಲೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಸ್ಕ್ರೂಗಳು ಬಿಗಿಯಾಗಿದ್ದವು, ತಂತಿಗಳು ಬೇರೆ ಬೇರೆಯಾಗಿ ನೆಟ್ಟಗಿದ್ದವು. ಒಂದು ಭಾನುವಾರ ಮೇಷ್ಟರೇ ಬಂದು ನೋಡಿದರು. ಅವರಿಗೂ ಎಲ್ಲ ನೆಟ್ಟಗೇ ಕಂಡಿತು. ಊಟ ಮಾಡದೆ ಸಂಜೆಯ ಗಾಡಿಗೆ ವಾಪಸು ಹೋದರು. ಅವರ ಮುಖ ನೋಡಿ ವರಲಕ್ಷ್ಮಮ್ಮನಿಗೆ ಅಯ್ಯೋ ಅನ್ನಿಸಿತು.

ಆಕೆ ಒಂದು ನೋಟ್‌ಬುಕ್ಕಿನಲ್ಲಿ ಕಡಿದ ಹೊತ್ತನ್ನೆಲ್ಲ ಬರೆದಿಡುತ್ತ ಬಂದಳು. ಹತ್ತು ಐವತ್ತು. ಒಂದು ಐದು. ಮೂರು ಇಪ್ಪತ್ತು. ಮರುದಿನ ಹನ್ನೊಂದು, ಹನ್ನೆರಡೂವರೆ. ಓದಿದರೆ ಒಂದಕ್ಕೊಂದು ತಾಳೆಯಿಲ್ಲ. ಆದರೂ ಬರೆಯುತ್ತಿದ್ದಳು. ಬೇರೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಮುಂದಿನ ಕೋಣೆಯ ಟಕ್ ಟಕ್ ದಿನದಿನಕ್ಕೆ ಜೋರಾಗುತ್ತಿತ್ತು. ಸಂಜೆಯ ಗಾಡಿಯಲ್ಲಿ ಕಿಟಕಿಗೆ ತಲೆಯಾನಿಸಿ ಕೂತರೆ ಹಳಿಯ ಸದ್ದಿನಲ್ಲೂ ಅದೇ ಕೇಳುತ್ತಿತ್ತು. ಬಂಗಾರಪೇಟೆ ಬಂದದ್ದು ಗೊತ್ತಾಗದೆ ಯಾರೋ ಭುಜ ತಟ್ಟಿ ಎಬ್ಬಿಸಬೇಕಾಗುತ್ತಿತ್ತು.

ಆ ನಡುವೆ ಒಂದು ಗುರುವಾರ ಕದಿರಪ್ಪ ಮೊಮ್ಮಗಳ ನಾಮಕರಣವೆಂದು ರಜೆ ಹಾಕಿ ಊರಿಗೆ ಹೋದ. ಆ ದಿನ ತಂತಿಯಲ್ಲಿ ಜೀವವೇ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೂ ಒಂದು ನಿಮಿಷವಾದರೂ ಸಂಪರ್ಕ ಸಿಗಲಿಲ್ಲ. ಪೆಟ್ಟಿಗೆ ತೆಗೆಯೋಣವೆಂದರೆ ಕೀಲಿ ಕದಿರಪ್ಪನ ಸೊಂಟದಲ್ಲಿ, ಕದಿರಪ್ಪ ಊರಿನಲ್ಲಿ. ಶುಕ್ರವಾರ ಅವನು ಬಂದು ಸ್ಟೂಲಿನ ಮೇಲೆ ಕೂತ ಐದು ನಿಮಿಷಕ್ಕೆ ಸಂಪರ್ಕ ಬಂತು.

ವರಲಕ್ಷ್ಮಮ್ಮ ಅಷ್ಟೇನೂ ದೇವರು ದಿಂಡರು ಎನ್ನುವ ಪೈಕಿಯಲ್ಲ. ಆದರೆ ಆರು ವಾರ ಸೋತವರು ಯಾವುದನ್ನಾದರೂ ನಂಬುತ್ತಾರೆ. ಕದಿರಪ್ಪನ ಕೈಗುಣ ಒಳ್ಳೆಯದು, ಅವನು ಕೂತಿದ್ದರೆ ತಂತಿ ಓಡುತ್ತದೆ ಎಂದು ಆಕೆಗೆ ಅನ್ನಿಸಿತು. ನೋಟ್‌ಬುಕ್ಕು ತೆಗೆದು ನೋಡಿದಳು. ಹತ್ತು ಐವತ್ತು ಅವನ ಟೀ ಹೊತ್ತು. ಒಂದು ಐದು ಊಟದ ಹೊತ್ತು. ಉಳಿದವು ಅವನು ಕೆಮ್ಮಲು ಹೊರಗೆ ಹೋಗುತ್ತಿದ್ದ ಹೊತ್ತೇ ಇರಬೇಕು. ಫೋನಿನಲ್ಲಿ ಹೇಳಿದರೆ ಮೇಷ್ಟರು ನಕ್ಕುಬಿಟ್ಟರು; ಸ್ಟೂಲಿನ ಮೇಲೆ ಯಾರು ಕೂತಿದ್ದಾರೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ ಎಂದರು. ನಗಲಿ ಎಂದುಕೊಂಡು ಆಕೆ ಬಂದು ಕದಿರಪ್ಪನಿಗೆ ವಿಷಯ ಹೇಳಿದಳು. ಸೋಮವಾರ ನಾಲ್ಕು ಗಂಟೆ ಕದಲದೆ ಕೂರಬೇಕು, ಟೀ ಊಟ ಎಲ್ಲ ಆಮೇಲೆ. ಅವನ ಮುಖ ಅರಳಿತು. ತನ್ನ ಕೈಗುಣದ ಬಗ್ಗೆ ಇಷ್ಟು ವರ್ಷದಲ್ಲಿ ಯಾರೂ ಒಳ್ಳೆಯ ಮಾತಾಡಿರಲಿಲ್ಲ ಎಂದ.

ಸೋಮವಾರ ಒಂಬತ್ತೂ ನಲವತ್ತಕ್ಕೆ ಶುರುವಾಯಿತು. ಟೀ ಹೊತ್ತು ದಾಟಿತು, ಕಡಿಯಲಿಲ್ಲ. ಹನ್ನೆರಡಕ್ಕೆ ಅರ್ಧ ದಾಟಿತ್ತು. ಅಷ್ಟು ದೂರ ಅದು ಹಿಂದೆಂದೂ ಬಂದಿರಲಿಲ್ಲ. ವರಲಕ್ಷ್ಮಮ್ಮ ಪರದೆಯ ಮುಂದೆ ಕೈಕಟ್ಟಿ ಕೂತಳು. ಹನ್ನೆರಡೂ ಮುಕ್ಕಾಲಿಗೆ ಅಂಕಿ ನಿಂತಿತು. ಮುಕ್ಕಾಲು ಭಾಗ ಆಗಿತ್ತು. ಎದ್ದು ಪಡಸಾಲೆಗೆ ಹೋದರೆ ಸ್ಟೂಲು ಖಾಲಿ. ಕದಿರಪ್ಪ ಹೊರಗೆ ಬೇವಿನ ಮರ ಹಿಡಿದುಕೊಂಡು ಕೆಮ್ಮುತ್ತಿದ್ದ.

ಆಕೆಗೆ ತಡೆಯಲಾಗಲಿಲ್ಲ. ಇನ್ನೊಂದು ಗಂಟೆ ಕೂರಲು ಆಗಲಿಲ್ಲವೇ, ಎಲ್ಲರ ಹಣೆಬರಹ ಆ ತಂತಿಯಲ್ಲಿದೆ, ನಿಮ್ಮದೂ ಇದೆ ಎಂದು ಬಾಯಿಗೆ ಬಂದಂತೆ ಅಂದಳು. ಕದಿರಪ್ಪ ಟವೆಲಿನಲ್ಲಿ ಬಾಯಿ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಆ ಸಂಜೆ ಗಾಡಿಯಲ್ಲಿ ಆಕೆಗೆ ಅಂದ ಮಾತೆಲ್ಲ ನೆನಪಾಗಿ ನಾಚಿಕೆಯಾಯಿತು. ಕೆಮ್ಮನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲವೆಂದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ತನಗೆ ಗೊತ್ತಿರಬೇಕಿತ್ತು.

ಮಂಗಳವಾರ ಕದಿರಪ್ಪ ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ನೀರು ಕುಡಿದರೆ ಏಳಬೇಕಾದೀತು ಎಂದು. ಹತ್ತರ ಸುಮಾರಿಗೆ ಶುರುಮಾಡಿ, ಹನ್ನೊಂದೂವರೆಗೆ ವರಲಕ್ಷ್ಮಮ್ಮ ಸಮಾಧಾನದ ಮಾತು ಹೇಳೋಣವೆಂದು ಒಂದು ಲೋಟ ಮಜ್ಜಿಗೆ ಹಿಡಿದು ಪಡಸಾಲೆಗೆ ಬಂದಳು. ಬಾಗಿಲಲ್ಲೇ ನಿಂತಳು. ಕದಿರಪ್ಪನಿಗೆ ಕೆಮ್ಮು ಒತ್ತಿ ಬಂದಿತ್ತು. ಕಣ್ಣಲ್ಲಿ ನೀರು, ಕುತ್ತಿಗೆಯ ನರ ಉಬ್ಬಿತ್ತು. ಆದರೂ ಅವನು ಹೊರಗೆ ಓಡಲಿಲ್ಲ. ಬಗ್ಗಿ, ಪೆಟ್ಟಿಗೆಯ ಬೀಗ ತೆಗೆದು, ಹೊರಚಾಚಿದ್ದ ತಂತಿಯ ತುದಿಗಳನ್ನು ಒಟ್ಟಿಗೆ ಹಿಡಿದು ಮೂರು ಸುತ್ತು ತಿರುವಿ, ಮತ್ತೆ ಬೀಗ ಹಾಕಿ, ಆಮೇಲೆ ಹೊರಗೆ ಹೋದ.

ಬರಿಯ ತುದಿಗಳು ಒಂದಕ್ಕೊಂದು ತಾಗಿದರೆ ತಂತಿಯಲ್ಲಿ ಏನೂ ಹರಿಯುವುದಿಲ್ಲ; ಒಳಗೆ ಅಂಕಿ ನಿಂತಿರುತ್ತದೆಂದು ನೋಡದೆಯೇ ಆಕೆಗೆ ಗೊತ್ತಾಯಿತು. ಸ್ಟೂಲಿನ ಮೇಲೆ ತಾನೇ ಕೂತಳು. ಆರು ವಾರದ ಸಿಟ್ಟೆಲ್ಲ ಒಮ್ಮೆಲೇ ಬರಬೇಕಿತ್ತು, ಬರಲಿಲ್ಲ. ಬಂದದ್ದು ಬರೀ ಆಯಾಸ. ಕದಿರಪ್ಪ ವಾಪಸು ಬಂದು, ಆಕೆ ಕೂತಿರುವುದನ್ನು ಕಂಡು ಪಕ್ಕದಲ್ಲಿ ನಿಂತ.

"ತಂತಿ ತುದಿ ಯಾಕೆ ತಿರುವಿದ್ರಿ ಕದಿರಪ್ಪಣ್ಣ?" ಎಂದು ಕೇಳಿದಳು.

ಇದೂ ಒಂದು ಪ್ರಶ್ನೆಯೇ ಎಂಬಂತೆ ಅವನು ನೋಡಿದ. "ಬಿಟ್ಟೋಗೋವಾಗ ತಿರುವಿ ಓಗ್ಬೇಕಲ್ಲಮ್ಮಾ. ತೆರೆದಿರೋ ತಂತಿ ಬಿಟ್ಟು ಎಂಗೆ ಓಗೋದು?"

ಬ್ಲಾಸ್ಟರಿಗೆ ಕಲಿಸುವ ಮೊದಲ ಪಾಠ ಅದು. ಬಂಡೆಯೊಳಗಿನ ಮದ್ದಿಗೆ ಎಳೆದ ತಂತಿಯ ತುದಿಗಳು ಬೇರೆ ಬೇರೆಯಾಗಿ ತೆರೆದು ಬಿದ್ದಿದ್ದರೆ, ಎಲ್ಲಿಂದಲೋ ಸೋರಿ ಬಂದ ಕರೆಂಟು ಅದರಲ್ಲಿ ನುಗ್ಗಿ ಮದ್ದನ್ನು ಸಿಡಿಸಿಬಿಡಬಹುದು. ತುದಿಗಳನ್ನು ಕೂಡಿಸಿ ತಿರುವಿಟ್ಟರೆ ಆ ಭಯವಿಲ್ಲ. ಹಾಗಾಗಿ ಬ್ಲಾಸ್ಟರ್ ಒಂದು ನಿಮಿಷ ಪಕ್ಕಕ್ಕೆ ಹೋದರೂ ತಿರುವಿ ಹೋಗಬೇಕು, ಬಂದ ಮೇಲೆ ಬಿಡಿಸಬೇಕು. ಕದಿರಪ್ಪ ಮಾಡುತ್ತಿದ್ದದ್ದೂ ಅಷ್ಟೇ. ಹೋಗುವಾಗ ತಿರುವುತ್ತಿದ್ದ, ಬಂದು ಬಿಡಿಸುತ್ತಿದ್ದ. ಯಾರಾದರೂ ನೋಡಬೇಕೆಂದರೆ ಮೊದಲು ಬಿಡಿಸಿ, ಆಮೇಲೆ ತೋರಿಸುತ್ತಿದ್ದ. ಇಲ್ಲಿ ಮದ್ದಿಲ್ಲವೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಮದ್ದು ಇಲ್ಲದ್ದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಅವನು ನೆಲಕ್ಕೆ ಕೂತ. ಕೇಳದೆಯೇ ಹೇಳಿದ.

"ಎಪ್ಪತ್ನಾಲ್ಕ್ರಲ್ಲಿ ಒಂದ್ಸಲ ತಿರುವ್ದೆ ಬಿಟ್ಟು ನೀರು ಕುಡಿಯಾಕೋದೆ. ಅಷ್ಟೊತ್ತಿಗೆ ಚಿಕ್ಕವೆಂಕಟಪ್ಪ ಮದ್ದಿನ ತಾವ ಓಗಿದ್ದ. ನನ್ ಜೊತೆಗಾರ. ನೀರಿನ ಲೋಟ ಇನ್ನೂ ನನ್ ಕೈಯಲ್ಲೇ ಇತ್ತು, ಒಳಗೆ ಸದ್ದಾಯ್ತು. ಎಲ್ಲಿಂದ ಕರೆಂಟು ಬಂತೋ ಯಾರೂ ಏಳಿಲ್ಲ. ನಾನು ತಿರುವಿರ್ಲಿಲ್ಲ ಅಂತ ನಾನೂ ಯಾರ್ಗೂ ಏಳಿಲ್ಲ. ಇವತ್ತು ನಿಂಗೇ ಏಳ್ತಿರೋದು."

ವರಲಕ್ಷ್ಮಮ್ಮ ಸ್ಟೂಲು ಬಿಟ್ಟು ಎದ್ದಳು. ಮಜ್ಜಿಗೆಯ ಲೋಟ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಪೆಟ್ಟಿಗೆಯನ್ನು ನೋಡಿದ, ಹಿಂದಿನ ಕೋಣೆಯ ಬಾಗಿಲನ್ನು ನೋಡಿದ, ಆಕೆಯ ಮುಖವನ್ನು ನೋಡಿದ. ಓದು ಬರಹ ಇಲ್ಲದಿದ್ದರೂ ತಂತಿಯ ವಿಷಯದಲ್ಲಿ ಅವನು ದಡ್ಡನಲ್ಲ.

"ಅಂಗಾದ್ರೆ ಇಷ್ಟು ದಿನ ಕಡೀತಿದ್ದೋನು ನಾನೇನಾ?"

ಇಲ್ಲ, ಸ್ಕ್ರೂ ಸಡಿಲವಾಗಿತ್ತು ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಚೀಟಿಯಲ್ಲಿ ಕ್ಷಯ ಎಂದು ಬರೆದವರೂ ಯಾವುದೋ ಸುಲಭದ ಮಾತನ್ನೇ ಬರೆದಿದ್ದರು. ಆಕೆಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಹೌದು ಅಣ್ಣಾ" ಎಂದಳು.

ಆ ಕಾರ್ಡುಗಳಲ್ಲಿ ಕದಿರಪ್ಪನ ಹೆಸರೂ ಇತ್ತು, ಜೊತೆಗೆ ದುಡಿದವರ ಹೆಸರೆಲ್ಲ ಇತ್ತು. ಅವನು ಉಡಿದಾರದಿಂದ ಕೀಲಿ ಬಿಚ್ಚಿ ಆಕೆಯ ಕೈಗೆ ಕೊಟ್ಟ. ನಾಳೆಯಿಂದ ಬರುವುದಿಲ್ಲ, ಇಲ್ಲಿದ್ದರೆ ತನ್ನ ಕೈ ಸುಮ್ಮನಿರುವುದಿಲ್ಲ ಎಂದ. ಆಕೆ ಕೀಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದಿದ್ದಳು. ಕೀಲಿ ಇಟ್ಟುಕೊಂಡರೆ ಕೆಲಸ ಸಲೀಸು. ಕದಿರಪ್ಪ ಬೇಡ, ಕೈಗುಣ ಬೇಡ, ನಾಳೆ ನಾಲ್ಕು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಆದರೆ ಅವನು ಹಾಗೆ ಎದ್ದು ಹೋದರೆ ಮತ್ತೆ ಬರುವವನಲ್ಲ ಎಂದು ಆಕೆಗೆ ಅನ್ನಿಸಿತು.

"ಕೀಲಿ ನಿಮ್ಮತ್ರಾನೇ ಇರ್ಲಿ. ತುದಿ ಬಿಡಿಸಿಟ್ಟು ಪಕ್ಕದಲ್ಲೇ ಕೂತ್ಕೊಳ್ಳಿ. ಕೆಮ್ಮು ಬಂದ್ರೆ ಇಲ್ಲೇ ಕೆಮ್ಮಿ, ಯಾರೂ ಏನೂ ಅನ್ನಲ್ಲ. ನಾನು ಮುಗೀತು ಅನ್ನೋಗಂಟ ತಿರುವ್ಬೇಡಿ, ಅಷ್ಟೇ."

ಬುಧವಾರ ಹಳೆಯ ಮಷೀನು ಐದನೆಯ ಸಲಕ್ಕೆ ಎದ್ದಿತು. ಟಕ್ ಟಕ್ ಪಡಸಾಲೆಗೂ ಕೇಳುತ್ತಿತ್ತು. ಒಂಬತ್ತೂ ಐವತ್ತಕ್ಕೆ ಶುರುಮಾಡಿ ಆಕೆ ಹಿಂದಿನ ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಕೂತಳು, ಕದಿರಪ್ಪ ಕಾಣುವ ಹಾಗೆ. ಅವನು ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ. ಹನ್ನೊಂದಕ್ಕೆ ಕೆಮ್ಮಿದ. ಹನ್ನೆರಡಕ್ಕೆ ಕೆಮ್ಮಿದ, ಟವೆಲು ಬಾಯಿಗೆ ಒತ್ತಿಕೊಂಡ. ಒಂದು ಸಲ ಕೈ ತೊಡೆಯಡಿಯಿಂದ ಹೊರಬಂದು ಪೆಟ್ಟಿಗೆಯವರೆಗೂ ಹೋಯಿತು. ಕೈ ತಾನಾಗಿ ವಾಪಸು ಹೋಯಿತು. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಬಿಡಿಬಿಡಿಯಾಗಿ ನಿಂತ ಆ ತುದಿಗಳನ್ನು ನೋಡುತ್ತ ನಾಲ್ಕು ಗಂಟೆ ಕೂರುವುದು ಅವನಿಗೆ ಎಂಥ ಕಷ್ಟವೆಂದು ಆಕೆಗೆ ಈಗ ಅರ್ಥವಾಗುತ್ತಿತ್ತು. ಪಾಪ ಅನ್ನಿಸಿತು. ಆದರೂ ಏಳಿ ಎನ್ನಲಿಲ್ಲ.

ಒಂದೂ ಐವತ್ತಕ್ಕೆ ಅಂಕಿ ನಿಂತಿತು. ಈ ಸಲ ಕಡಿದು ನಿಂತದ್ದಲ್ಲ. ಲಿನಕ್ಸ್ ಮಷೀನಿನಲ್ಲಿ ಬೇರೆಯದೇ ಒಂದು ಸಾಲು ಬಂದಿತ್ತು, ಪೂರ್ತಿಯಾಗಿದೆ ಎಂದು. ವರಲಕ್ಷ್ಮಮ್ಮ ಅದನ್ನು ನಂಬದೆ ಫೈಲು ತೆಗೆದು ಹುಡುಕಿದಳು. ಮೂರು ಸಾವಿರದ ನಾನೂರ ಹನ್ನೆರಡನೆಯ ಕಾರ್ಡು ಇತ್ತು. ಆಮೇಲೆ ಕದಿರಪ್ಪನದು ಹುಡುಕಿದಳು. ಇಪ್ಪತ್ತೆರಡು ವರ್ಷ, ಎರಡೂ ಕಡೆಯ ಶ್ವಾಸಕೋಶ, ಕಲ್ಲಿನ ಧೂಳು ಎಂದು ಡಾಕ್ಟರ ಮಾತಿನಲ್ಲೇ ಇತ್ತು. ಆಕೆ ಅದನ್ನು ಎರಡು ಸಲ ಓದಿದಳು. ಕುತ್ತಿಗೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದಳು. ಮುಂದಿನ ಕೋಣೆಯಲ್ಲಿ ಹಳೆಯದು ಇನ್ನೂ ಬಡಿದುಕೊಳ್ಳುತ್ತಿತ್ತು. ಇನ್ನು ಅದು ಯಾವಾಗ ಬೇಕಾದರೂ ಹೋಗಬಹುದಿತ್ತು.

ಎದ್ದು ಪಡಸಾಲೆಗೆ ಬಂದಳು. ಕದಿರಪ್ಪನ ಮುಖ ಬೆವತಿತ್ತು, ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು.

"ಮುಗೀತು ಅಣ್ಣಾ. ಎಲ್ಲಾ ಬಂತು. ನಿಮ್ದೂ ಬಂತು."

ಅವನು ತಲೆಯಾಡಿಸಿದ. ಕೆಮ್ಮು ಗಂಟಲಿಗೆ ಬಂದು ನಿಂತಿದ್ದರೂ ಸ್ಟೂಲು ಬಿಟ್ಟು ಏಳಲಿಲ್ಲ.

"ಈಗ ತಿರುವ್ಲಾ?" ಎಂದು ಕೇಳಿದ.

"ತಿರುವಿ" ಎಂದಳು.

ಅವನು ಬಗ್ಗಿ ತುದಿಗಳನ್ನು ಕೂಡಿಸಿ ಮೂರು ಸುತ್ತು ತಿರುವಿದ. ಬೀಗ ಹಾಕಿ, ಎಳೆದು ನೋಡಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಆಮೇಲೆ ಕೆಮ್ಮಲು ಹೊರಗೆ ಹೋದ.